ನೀರಾ: ಮೊದಲು ಶುದ್ಧಿ, ಅನಂತರ ಊರ ಹೆಸರು

ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ, ಆನೈಮಲೈ, ತಿರುಪ್ಪೂರು ಜಿಲ್ಲೆಯ ಉಡುಮಲೈ ಸೀಮೆಗಳ ತೆಂಗಿನ ತೋಟಗಳ ಹೆಸರನ್ನು ಕೇಳದ ರೈತರು ವಿರಳ. ತಮಿಳುನಾಡಿನಲ್ಲಿ 1987ರಿಂದ ಕಳ್ಳಿಗೆ ನಿಷೇಧವಿದೆ. 2017ರಲ್ಲಿ ಸರ್ಕಾರವು ಪರವಾನಗಿಯ ಮೇಲೆ ತೆಂಗಿನ ನೀರಾ ಇಳಿಸಲು ಅವಕಾಶ ಕೊಟ್ಟಿತು. ಮರದ ರಸ ಒಂದೇ. ಹುಳಿಯದಿದ್ದರೆ ನೀರಾ, ಹುಳಿತರೆ ಕಳ್ಳು. ಬೆಳೆಗಾರನ ಲಾಭನಷ್ಟ ಈ ಅಂತರದ ಮೇಲೆಯೇ ನಿಂತಿದೆ.

ಬಿರಿಯದ ಹೊಂಬಾಳೆಯ ತುದಿಯನ್ನು ಕೊಯ್ದಾಗ ಒಸರುವ ರಸದಲ್ಲಿ 100ಕ್ಕೆ ಸುಮಾರು 15 ಪಾಲು ಸಕ್ಕರೆಯಿರುತ್ತದೆ. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದನ್ನು ಕೆಲವೇ ಗಂಟೆಗಳಲ್ಲಿ ಅಮಲಿನ ಪದಾರ್ಥವಾಗಿ ಮಾರ್ಪಡಿಸುತ್ತವೆ. ಮಡಕೆಗೆ ಸುಣ್ಣ ಬಳಿದು ಇದನ್ನು ತಡೆಯುವುದು ಹಳೆಯ ಪದ್ಧತಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯನ್ನು ಮರದಲ್ಲಿಯೇ ಕಟ್ಟಿ, ಸುಣ್ಣವಿಲ್ಲದೆ ರಸ ಇಳಿಸುವ ಕ್ರಮವನ್ನು ರೂಪಿಸಿ, ಆ ರಸಕ್ಕೆ ‘ಕಲ್ಪರಸ’ವೆಂದು ಹೆಸರಿಟ್ಟರು.

ಮಂಜುಗಡ್ಡೆಗೂ ಮರ ಹತ್ತುವವನ ಕೂಲಿಗೂ ಹಣ ಬೇಕು. ಮತ್ತೊಬ್ಬನು ಸಕ್ಕರೆ ನೀರು ಬೆರೆಸಿ ಅಗ್ಗವಾಗಿ ಮಾರಿದರೆ, ಕೊಳ್ಳುವವನಿಗೆ ಕಣ್ಣಿನಿಂದ ಭೇದ ತಿಳಿಯದು. ಹೀಗೆ ಪ್ರಾಮಾಣಿಕನೇ ಸೋಲುತ್ತಾನೆ.

ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರಿಗೂ ಇದೇ ಕಷ್ಟ ಬಂದಿತ್ತು. ನೀರು, ಸಕ್ಕರೆ ಬೆರೆಸಿದ ವೈನಿನ ವಿರುದ್ಧ 1907ರಲ್ಲಿ ದಕ್ಷಿಣದ ರೈತರು ಬೀದಿಗಿಳಿದರು. ತಾಜಾ ದ್ರಾಕ್ಷಿಯಿಂದ ಅಥವಾ ಅದರ ರಸದಿಂದ ಆದುದು ಮಾತ್ರ ವೈನ್ ಎಂದು ಅಲ್ಲಿನ ಸರ್ಕಾರ ಅದೇ ವರ್ಷ ಗೊತ್ತುಮಾಡಿತು. ಇಂಥ ಸೀಮೆಯ ವೈನ್ ಇಂಥ ಕ್ರಮದಲ್ಲಿಯೇ ಆಗಬೇಕೆಂಬ ರಾಷ್ಟ್ರೀಯ ವ್ಯವಸ್ಥೆ ಬಂದುದು 1935ರಲ್ಲಿ. ಮೊದಲು ಶುದ್ಧಿ, ಅನಂತರ ಊರ ಹೆಸರು: ಈ ಕ್ರಮವನ್ನು ನಾವು ಗಮನಿಸಬೇಕು.

ನಮ್ಮ ದೇಶದಲ್ಲಿಯೂ 1999ರ ಭೌಗೋಳಿಕ ಗುರುತಿನ ಕಾಯಿದೆಯಿದೆ. ಕೊಯಮತ್ತೂರಿನ ವೆಟ್ ಗ್ರೈಂಡರ್, ನಾಸಿಕ್ ಕಣಿವೆಯ ವೈನ್ ಅದರಡಿ ನೋಂದಣಿಯಾಗಿವೆ. ಆದರೆ ಗುಣಕ್ಕೂ ಸ್ಥಳಕ್ಕೂ ಇರುವ ಸಂಬಂಧವನ್ನು ಅಲ್ಲಿ ತೋರಿಸಿಕೊಡಬೇಕು. ಬರಿಯ ಅಭಿಮಾನ ಸಾಲದು.

ಆದುದರಿಂದ ನೀರಾದ ನಿಯಮವು ‘ಅಮಲಿದೆಯೆ?’ ಎಂದು ಕೇಳಿ ಸುಮ್ಮನಾಗಬಾರದು. ಬೆರಕೆಯಿಲ್ಲದ ರಸವೆ, ಎಷ್ಟು ತಂಪಿನಲ್ಲಿತ್ತು, ಯಾವ ತೋಟದ್ದು, ಎಷ್ಟು ಹೊತ್ತಿಗೆ ಇಳಿಸಿದ್ದು ಎಂಬುದನ್ನೂ ಕೇಳತಕ್ಕದ್ದು. ಉತ್ತರಗಳು ಸೀಸೆಯ ಮೇಲಿರಲಿ. ಕಾಯಿದೆ ಬರುವವರೆಗೆ ಕಾಯದೆ ಪ್ರತಿ ತೋಟದವರೂ ಒಂದು ಲೆಕ್ಕದ ಪುಸ್ತಕವಿಟ್ಟು ಇವನ್ನು ಬರೆದಿಡಬಹುದು. ನಾಳೆ ಊರ ಹೆಸರಿಗೆ ಅರ್ಜಿ ಹಾಕುವಾಗ ಆ ಪುಸ್ತಕವೇ ನಮ್ಮ ಸಾಕ್ಷಿಯಾದೀತು.