ಬೇಲಾಪುರ: ನವಿ ಮುಂಬಯಿಯ ಕಚೇರಿ ಕೇಂದ್ರ

ಮುಂಬಯಿಯ ಪ್ರಮುಖ ಕಚೇರಿಗಳು ಬಹುಕಾಲ ನಗರದ ದಕ್ಷಿಣ ತುದಿಯಲ್ಲಿಯೇ ಕೇಂದ್ರೀಕೃತವಾಗಿದ್ದವು. ಇದರಿಂದಾಗಿ ಪ್ರತಿದಿನ ಬೆಳಗ್ಗೆ ಲಕ್ಷಾಂತರ ನೌಕರರು ಒಂದೇ ದಿಕ್ಕಿಗೆ ಪ್ರಯಾಣಿಸಬೇಕಾಗುತ್ತಿತ್ತು. ಈ ಒತ್ತಡವನ್ನು ತಗ್ಗಿಸಲು ಥಾಣೆ ಕೊಲ್ಲಿಯ ಪೂರ್ವ ದಡದಲ್ಲಿ ಹೊಸ ನಗರವೊಂದು ನಿರ್ಮಾಣವಾಗಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಇದನ್ನು ಕಾರ್ಯಗತಗೊಳಿಸಲು 1970ರಲ್ಲಿ ಸಿಡ್ಕೊ ನಿಗಮವು ಸ್ಥಾಪನೆಗೊಂಡಿತು. ಬೇಲಾಪುರವನ್ನು ಹೊಸ ನಗರದ ಕಚೇರಿ ಕೇಂದ್ರವನ್ನಾಗಿ ಗೊತ್ತುಪಡಿಸಲಾಯಿತು.

ರಾಜ್ಯ ಸರ್ಕಾರದ ಸಚಿವಾಲಯವೇ ಕೊಲ್ಲಿಯನ್ನು ದಾಟಿ ಬಂದರೆ ಖಾಸಗಿ ಸಂಸ್ಥೆಗಳೂ ಹಿಂಬಾಲಿಸುವುವೆಂಬುದು ಯೋಜಕರ ಎಣಿಕೆಯಾಗಿತ್ತು. ಸಚಿವಾಲಯವು ಬರಲಿಲ್ಲ. ವಿಭಾಗೀಯ ಆಡಳಿತದ ಕೊಂಕಣ ಭವನ, ನಿಗಮದ ಸಿಡ್ಕೊ ಭವನ ಮೊದಲಾದ ಕಟ್ಟಡಗಳು ಇಲ್ಲಿ ತಲೆಯೆತ್ತಿದವು. 1973ರಲ್ಲಿ ಕೊಲ್ಲಿಗೆ ರಸ್ತೆ ಸೇತುವೆಯಾಗಿದ್ದರೂ ಮುಂಬಯಿಯಿಂದ ನೇರ ಉಪನಗರ ರೈಲು ಇಲ್ಲದ ಕಾರಣ ಬೆಳವಣಿಗೆಯು ನಿಧಾನವಾಗಿಯೇ ಸಾಗಿತು.

ರೈಲು 1992ರಲ್ಲಿ ವಾಶಿಗೂ 1993ರಲ್ಲಿ ಬೇಲಾಪುರಕ್ಕೂ ತಲುಪಿತು. ಮಾರ್ಗದ ವೆಚ್ಚದಲ್ಲಿ ಶೇಕಡಾ 67ರಷ್ಟನ್ನು ಸಿಡ್ಕೊ ಭರಿಸಿದರೆ, ಉಳಿದ ಶೇಕಡಾ 33 ರೈಲ್ವೆಯ ಪಾಲಾಗಿತ್ತು. ಇಲ್ಲಿನ ವಾಸ್ತುಶಿಲ್ಪದ ವೈಶಿಷ್ಟ್ಯವು ಈ ವ್ಯವಸ್ಥೆಯೊಂದಿಗೇ ಹೆಣೆದುಕೊಂಡಿದೆ. ನಿಲ್ದಾಣವನ್ನು ಕೇವಲ ರೈಲು ಹತ್ತುವ ತಾಣವೆಂದು ಬಗೆಯದೆ, ಅಂಗಡಿಗಳು ಮತ್ತು ಕಚೇರಿಗಳೊಡನೆ ಒಂದೇ ಸಂಕೀರ್ಣವಾಗಿ ರೂಪಿಸಲಾಯಿತು. ವಾಶಿಯಲ್ಲಿ ಕಚೇರಿಗಳು ನಿಲ್ದಾಣದ ಮೇಲೆಯೇ ನಿಂತಿವೆ. ನೌಕರನು ರೈಲಿನಿಂದಿಳಿದು ನಡೆದೇ ಕೆಲಸಕ್ಕೆ ತಲುಪಬಹುದು; ರೈಲು ಬಂದುದರಿಂದ ಏರಿದ ಭೂಮಿಯ ಬೆಲೆಯ ಒಂದಂಶವು ಸಾರ್ವಜನಿಕ ನಿರ್ಮಾಣಕ್ಕೆ ಒದಗುತ್ತದೆ.

ಕರ್ನಾಟಕಕ್ಕೂ ಬೇಲಾಪುರದ ನಂಟಿದೆ. ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗಿನ ಮಾರ್ಗವನ್ನು ನಿರ್ಮಿಸಿದ ಕೊಂಕಣ ರೈಲ್ವೆ ನಿಗಮದ ಕೇಂದ್ರ ಕಚೇರಿಯು ಇಲ್ಲಿನ ಬೇಲಾಪುರ ಭವನದಲ್ಲಿದೆ. 1990ರಲ್ಲಿ ನಿಗಮವು ಸ್ಥಾಪನೆಯಾದಾಗ ಅದರ ಬಂಡವಾಳದಲ್ಲಿ ಕರ್ನಾಟಕದ ಪಾಲು ಶೇಕಡಾ 15ರಷ್ಟಿತ್ತು.

ಆದರೆ ಈ ನಗರವು ಬರಿದಾದ ನೆಲದ ಮೇಲೆ ಎದ್ದುದಲ್ಲ. 95 ಗ್ರಾಮಗಳ ಗದ್ದೆ, ಉಪ್ಪಿನ ಮಡಿ ಹಾಗೂ ಮೀನುಗಾರಿಕೆಯ ನೆಲೆಗಳು ಯೋಜನೆಯ ವ್ಯಾಪ್ತಿಗೆ ಒಳಪಟ್ಟವು. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣ ತಾಲ್ಲೂಕಿನಲ್ಲಿ ನಡೆದ ಗೋಲಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನಗಳ ರೂಪದಲ್ಲಿ ಮರಳಿಸುವ ಯೋಜನೆಯು ಆ ಹೋರಾಟದ ಫಲ.

ರೈಲು, ಕಚೇರಿ ಮತ್ತು ವಸತಿಗಳನ್ನು ಒಟ್ಟಾಗಿ ಯೋಜಿಸಿದಾಗ ಮಾತ್ರ ಹೊಸ ನಗರವು ಬೇರೂರುತ್ತದೆಂಬುದನ್ನು ಬೇಲಾಪುರವು ತೋರಿಸಿಕೊಟ್ಟಿದೆ. ನೆಲವನ್ನು ಬಿಟ್ಟುಕೊಟ್ಟವರಿಗೆ ಅದರ ಏಳಿಗೆಯಲ್ಲಿ ಪಾಲು ದೊರೆಯಬೇಕೆಂಬುದೂ ಅದೇ ಯೋಜನೆಯ ಅಂಗವಾಗಿರಬೇಕು.