ಟಿಸಿಯಿಂದ ಹೊಲದವರೆಗೆ: ಮೊದಲು ಹೋಗಬೇಕಾದ ಫ್ಯೂಸ್ ಯಾವುದು?

ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಾಗಲಿ ಕಲಘಟಗಿಯ ಕೊಳವೆಬಾವಿಗಳಲ್ಲಾಗಲಿ, 11,000 ವೋಲ್ಟ್ ವಿದ್ಯುತ್ತನ್ನು 433 ವೋಲ್ಟಿಗೆ ಇಳಿಸುವ ಹೆಸ್ಕಾಂ ಪರಿವರ್ತಕವು, ಅಂದರೆ ಜನರ ಮಾತಿನ ಟಿಸಿಯು, ಪಂಪ್‌ಸೆಟ್‌ಗಳಿಗೆ ಕರೆಂಟು ಕೊಡುವ ದಾರಿಯಲ್ಲಿ ಒಂದರ ಹಿಂದೊಂದು ಫ್ಯೂಸುಗಳಿರುತ್ತವೆ. ದೋಷ ಹುಟ್ಟಿದ ಜಾಗಕ್ಕೆ ಅತಿ ಸಮೀಪದ, ಮೇಲಿನ (ಅಂದರೆ ಟಿಸಿ ಕಡೆಯ) ಫ್ಯೂಸ್ ಮಾತ್ರ ಹೋಗಿ ಉಳಿದವು ನಿಲ್ಲಬೇಕೆಂಬುದೇ ರಕ್ಷಣಾ ಹೊಂದಾಣಿಕೆ.

ಇದು ಕೆಡುವುದು ತಂತಿಯ ದಪ್ಪದಲ್ಲಿ. 5 ಎಚ್‌ಪಿ ಮೋಟಾರು ಓಡುವಾಗ 7-8 ಆಂಪಿಯರ್ ಎಳೆದರೂ ಚಾಲೂ ಆಗುವಾಗ ಕ್ಷಣಕಾಲ ಅದರ ಸುಮಾರು ಆರು ಪಟ್ಟು ಎಳೆಯುತ್ತದೆ. 20 ಆಂಪಿಯರ್‌ಗೆಂದು ಬಳಸುವ, 0.6 ಮಿ.ಮೀ. ದಪ್ಪದ ತವರ ಲೇಪಿತ ತಾಮ್ರದ ತಂತಿ ಆ ಸೆಳೆತವನ್ನು ತಾಳಿಕೊಂಡು, ಹೆಚ್ಚಿನ ಕರೆಂಟು ಹರಿಯುತ್ತಲೇ ಇದ್ದರೆ ಕರಗುತ್ತದೆ. ಅದರ ಬದಲು 1 ಚದರ ಮಿ.ಮೀ. ವೈರಿನ ಎಳೆಗಳನ್ನೆಲ್ಲ ಹೊಸೆದು ಕಟ್ಟಿದರೆ ಅದು ಕರಗಲು 100 ಆಂಪಿಯರ್ ಆಸುಪಾಸು ಬೇಕು. 63 ಕೆವಿಎ ಟಿಸಿಯ ಪೂರ್ಣ ಹೊರೆಯೇ ಪ್ರತಿ ಫೇಸಿಗೆ 84 ಆಂಪಿಯರ್ ಆಗಿರುವುದರಿಂದ, ಒಂದು ಹೊಲದ ಕೇಬಲ್ ಸುಟ್ಟರೆ ಟಿಸಿಯ ಫ್ಯೂಸ್ ಹೋಗಿ ಎಲ್ಲರ ನೀರೂ ನಿಲ್ಲುತ್ತದೆ. ಅಲ್ಲಿಯೂ ದಪ್ಪ ತಂತಿ ಇದ್ದರೆ ಟಿಸಿಯ ಸುರುಳಿಯೇ ಸುಡುತ್ತದೆ. ಮೆಣಸಿನಕಾಯಿ ಬೆಳೆ ಬಾಡುತ್ತಿರುವಾಗ ರಾತ್ರಿ ಪಾಳಿಯ ತ್ರೀ ಫೇಸ್ ಕಳೆದುಕೊಳ್ಳಲಾರದೆ ಸಿಕ್ಕ ತಂತಿ ಕಟ್ಟುವ ರೈತರನ್ನು ದೂರುವುದು ಅನ್ಯಾಯ. ಆದರೆ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಬೇರಿಂಗು, ವೋಲ್ಟೇಜು, ಒಂದು ಫೇಸ್ ತಪ್ಪಿರುವುದು, ಇವುಗಳಲ್ಲಿ ಕಾರಣ ಹುಡುಕಲೇಬೇಕು.

ಮರಳು ತುಂಬಿ ಮುಚ್ಚಿದ ಎಚ್‌ಆರ್‌ಸಿ ಫ್ಯೂಸುಗಳಲ್ಲಿ ಹೊಂದಾಣಿಕೆ ಸುಲಭ: ಒಂದೇ ಬಗೆಯವಾದರೆ ಮೇಲಿನದರ ಅಳತೆ ಕೆಳಗಿನದರ 1.6 ಪಟ್ಟು ಇದ್ದರೆ ಸಾಮಾನ್ಯವಾಗಿ ಸಾಕು. ತಾನಾಗಿಯೇ ಬೀಳುವ ಸ್ವಿಚ್‌ಗಳಾದ ಎಂಸಿಬಿಗಳಿಗೆ ಈ ಲೆಕ್ಕ ನಡೆಯದು. ಅವುಗಳಲ್ಲಿ ಅಧಿಕ ಹೊರೆಗೆ ನಿಧಾನವಾಗಿ ಬಾಗುವ ಜೋಡಿಲೋಹದ ಪಟ್ಟಿಯಿದ್ದರೆ, ಶಾರ್ಟ್ ಸರ್ಕ್ಯೂಟಿಗೆ ತಕ್ಷಣ ಎಳೆಯುವ ಕಾಂತವಿರುತ್ತದೆ. 'ಸಿ' ಬಗೆಯಲ್ಲಿ ಇದು ನಿಗದಿತ ಕರೆಂಟಿನ 5ರಿಂದ 10 ಪಟ್ಟಿಗೆ ಕೆಲಸ ಮಾಡುತ್ತದೆ. 63 ಕೆವಿಎ ಟಿಸಿಯ ಬಳಿ ದೋಷದ ಕರೆಂಟು 1,800 ಆಂಪಿಯರ್‌ವರೆಗೆ ಏರಬಲ್ಲದಾದ್ದರಿಂದ 20 ಮತ್ತು 63 ಆಂಪಿಯರ್‌ನ ಎರಡೂ ಎಂಸಿಬಿಗಳು ಒಟ್ಟಿಗೆ ಬೀಳಬಹುದು. ಉದ್ದನೆಯ ಲೈನಿನ ಕೊನೆಯಲ್ಲಿ ತಂತಿಯ ರೋಧವೇ ಈ ಕರೆಂಟನ್ನು ಕುಗ್ಗಿಸುವುದರಿಂದ ಸಮಸ್ಯೆ ತಿರುಗುತ್ತದೆ: ಅಲ್ಲಿ ಫ್ಯೂಸ್ ಕರಗಲು ತಡವಾಗುತ್ತದೆ.

ಇದಕ್ಕಿಂತ ಘೋರವಾದದ್ದು ನೆಲಕ್ಕೆ ಸೋರುವ ವಿದ್ಯುತ್ತು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು, ಅರ್ಥಿಂಗ್ ಗುಂಡಿ ಒಣಗಿ ರೋಧ 20 ಓಮ್‌ಗೆ ಏರಿದರೆ, 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 20 ಆಂಪಿಯರ್ ಫ್ಯೂಸ್ ಕರಗುವುದಿಲ್ಲ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮಾತ್ರ ಜೀವ ತೆಗೆಯುವಷ್ಟು ವೋಲ್ಟೇಜು ನಿಂತಿರುತ್ತದೆ. ಹೋಗಿ ಬರುವ ಕರೆಂಟಿನಲ್ಲಿ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೂ ಲೈನು ಕಡಿಯುವ ಆರ್‌ಸಿಸಿಬಿಯೊಂದೇ ಅದನ್ನು ಗುರುತಿಸಬಲ್ಲದು.