ಒಂದೇ ಬ್ರಷ್, ಹತ್ತು ಮುಖ!

ಮುನಿರಾಬಾದ್: ಮದುವೆ ಸುಗ್ಗಿ ಬಂತೆಂದರೆ ಬ್ಯೂಟಿ ಪಾರ್ಲರಿನವರಿಗೆ ಪುರುಸೊತ್ತೇ ಇಲ್ಲ. ಮೊದಲು ಮದುಮಗಳು, ಆಮೇಲೆ ಆಕೆಯ ತಂಗಿ, ಚಿಗವ್ವ, ಅತ್ತಿಗೆ. “ಅಕ್ಕಾರ, ನನಗೂ ಒಂದೀಟು ಹಚ್ರಿ” ಎಂದು ಸಾಲು ಬೆಳೆಯುತ್ತದೆ. ಮುಖ ಹತ್ತು, ಬ್ರಷ್ ಮಾತ್ರ ಒಂದೇ!

ಆ ಸಾಲಿನಲ್ಲಿ ಒಬ್ಬಾಕೆಗೆ ಕಣ್ಣು ಬಂದಿದ್ದರೆ? ಅನುಮಾನ ಎಲ್ಲರಿಗೂ ಇದೆ, ಬಾಯಿ ಬಿಡುವವರಿಲ್ಲ. ಬೀಗರು ಕೂತಿರುವಾಗ “ಬ್ರಷ್ ತೊಳದೀರೇನ್ರೀ?” ಎಂದು ಕೇಳುವುದು ಹೇಗೆ? ಸಂಕೋಚವೇ ಗೆಲ್ಲುತ್ತದೆ.

ಅಂಜಿಕೆ ಸುಳ್ಳಲ್ಲ. 2023ರ ಮಳೆಗಾಲದಲ್ಲಿ ಕೆಂಗಣ್ಣು, ಅಂದರೆ ‘ಮದ್ರಾಸ್ ಐ’, ರಾಜ್ಯದ ಹಲವು ಜಿಲ್ಲೆಗಳನ್ನು ಕಾಡಿದ್ದು ಜನ ಮರೆತಿಲ್ಲ. ನೋಡಿದರೆ ಹತ್ತುವ ರೋಗವಲ್ಲ ಅದು. ಕೈ, ಟವೆಲ್, ಕಾಡಿಗೆ ಕಡ್ಡಿ, ಇವುಗಳಿಂದ ಹತ್ತುತ್ತದೆ. ಕೊಪ್ಪಳ, ಹೊಸಪೇಟೆ ಬಸ್ಸಿನಲ್ಲಿ ಗೆಳತಿಯರು ಕೈಯಿಂದ ಕೈಗೆ ದಾಟಿಸುವ ಕಾಡಿಗೆ ಪೆನ್ಸಿಲಿಗೂ ಇದೇ ಮಾತು.

2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಜನ ಬಳಸಿದ 467 ಮೇಕಪ್ ಸಾಮಾನು ತರಿಸಿ ಪರೀಕ್ಷೆ ಮಾಡಿದರು. 100ಕ್ಕೆ 79ರಿಂದ 90ರಷ್ಟರಲ್ಲಿ ಬ್ಯಾಕ್ಟೀರಿಯಾ! ಮುಖಕ್ಕೆ ಒತ್ತುವ ಸ್ಪಂಜುಗಳಲ್ಲಂತೂ 100ಕ್ಕೆ 93 ಒಮ್ಮೆಯೂ ನೀರು ಕಂಡಿರಲಿಲ್ಲ. ಗಾಯ, ಒಡೆದ ಮೊಡವೆ ಇದ್ದ ಚರ್ಮಕ್ಕೆ ಇಂಥದ್ದು ತಾಗಿದರೆ ಕೀವು ಕಟ್ಟಬಹುದು.

ಹಾಗಂತ ಇಲ್ಲದ ಭಯವೂ ಬೇಡ. ಎಚ್‌ಐವಿ ಪೌಡರ್ ಬ್ರಷ್‌ನಿಂದ ಹರಡುವುದಿಲ್ಲ. ಮುಟ್ಟಿದವರಿಗೆಲ್ಲ ರೋಗ ಬರುವುದೂ ಇಲ್ಲ. ಹೆಚ್ಚು ಜೋಪಾನ ಬೇಕಾದದ್ದು ಕಣ್ಣಿಗೆ, ತುಟಿಗೆ, ಗಾಯಕ್ಕೆ.

ಪಾರ್ಲರಿನವರ ಕಷ್ಟವೂ ಕೇಳಬೇಕಾದದ್ದೇ. ತೊಳೆದ ಬ್ರಷ್ ಒಣಗಲು ತಾಸುಗಟ್ಟಲೆ ಬೇಕು. ದಿನಕ್ಕೆ ಮೂರು ಮನೆ ಒಪ್ಪಿಕೊಂಡವರು ನಡುವೆ ಒಣಗಿಸುವುದು ಎಲ್ಲಿ? ಇನ್ನೊಂದು ಜೊತೆ ಕೊಳ್ಳೋಣ ಅಂದರೆ ಗಿರಾಕಿ ಐವತ್ತು ರೂಪಾಯಿಗೂ ಚೌಕಾಸಿ ಮಾಡುತ್ತಾರೆ. ಚೊಕ್ಕಟತನಕ್ಕೂ ದುಡ್ಡು ಬೀಳುತ್ತದೆ ಎಂಬುದನ್ನು ಎರಡೂ ಕಡೆಯವರು ಒಪ್ಪಬೇಕು.

ದಾರಿ ಇಲ್ಲದಿಲ್ಲ. ಮದುಮಗಳು ಕಾಡಿಗೆ, ಲಿಪ್‌ಸ್ಟಿಕ್ ತನ್ನದೇ ತಂದರೆ ಅರ್ಧ ಚಿಂತೆ ಹೋಯಿತು. ಪಾರ್ಲರಿನವರು ಎರಡು-ಮೂರು ಜೊತೆ ಬ್ರಷ್ ಇಟ್ಟುಕೊಳ್ಳಬೇಕು. ಒಬ್ಬರಿಗೆ ಬಳಸಿದ್ದನ್ನು ಶಾಂಪೂ ನೀರಲ್ಲಿ ತೊಳೆದು, ಅಡ್ಡ ಮಲಗಿಸಿ ಪೂರ್ತಿ ಒಣಗಿಸಿದ ಮೇಲೆಯೇ ಇನ್ನೊಬ್ಬರಿಗೆ. ಕಣ್ಣಿಗೆ, ತುಟಿಗೆ ಬಳಸಿ ಬಿಸಾಡುವ ಕಡ್ಡಿ ಸಾಕು. ಕ್ರೀಮನ್ನು ಡಬ್ಬಿಯಿಂದ ಚಮಚದಲ್ಲಿ ತಟ್ಟೆಗೆ ತೆಗೆದುಕೊಂಡರೆ ಡಬ್ಬಿಯೂ ಕೆಡದು. ಕಣ್ಣಿನ ಬಣ್ಣವನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತಾರೆ ಕಣ್ಣಿನ ವೈದ್ಯರು. ಕಣ್ಣು ಬಂದಾಗ ಬಳಸಿದ್ದನ್ನಂತೂ ಮುಲಾಜಿಲ್ಲದೆ ತಿಪ್ಪೆಗೆ ಎಸೆಯಬೇಕು. ಕಣ್ಣು ಕೆಂಪಗಾಗಿ ನೋವಿದ್ದರೆ, ದೃಷ್ಟಿ ಮಂಜಾದರೆ, ಅಂಗಡಿ ಹನಿಯ ಮೇಲೆ ದಿನ ತಳ್ಳದೆ ಆಸ್ಪತ್ರೆಗೆ ನಡೆಯಬೇಕು.

ಹೋಟೆಲಿನಲ್ಲಿ ಎಂಜಲು ಲೋಟದಲ್ಲಿ ಚಹಾ ಕೊಟ್ಟರೆ ಯಾರಾದರೂ ಸುಮ್ಮನಿರುತ್ತಾರೆಯೇ? ‘ಏ ತಮ್ಮಾ, ಲೋಟ ತೊಳಕೊಂಡು ಬಾ’ ಅನ್ನುವುದಿಲ್ಲವೇ? ಬಾಯಿಗೆ ಇರುವ ಮರ್ಯಾದೆ ಕಣ್ಣಿಗೂ ಇರಲಿ. ಹಚ್ಚಿದ ಬಣ್ಣ ಸಂಜೆಗೆ ತೊಳೆದು ಹೋದೀತು, ಹತ್ತಿದ ರೋಗ?